ಮುತ್ತಜ್ಜಿ ತೋಳವೇ? ಅಮೆರಿಕದಿಂದ ಬೆಂಗಳೂರಿಗೆ ಒಂದು ತೋಳನಾಯಿಯ ಕಡತ

ಹತ್ತು ಹನ್ನೆರಡು ವರ್ಷ ಅಮೆರಿಕದಲ್ಲಿದ್ದು ಊರಿಗೆ ವಾಪಸಾಗುವ ಮನೆಯವರು ಸೋಫಾ ಮಾರುತ್ತಾರೆ, ಕಾರು ಮಾರುತ್ತಾರೆ, ನಾಯಿಯನ್ನು ಮಾತ್ರ ಬಿಟ್ಟು ಬರಲು ಒಪ್ಪುವುದಿಲ್ಲ. ಲ್ಯಾಬ್ರಡಾರ್ ಆದರೆ ಕಾಗದ ಜೋಡಿಸಲು ಎರಡು ತಿಂಗಳು ಸಾಕು. ಅದೇ ನಾಯಿಯ ವೆಟ್ ದಾಖಲೆಯಲ್ಲಿ ತಳಿ ಅನ್ನುವ ಕಡೆ ‘ವುಲ್ಫ್ ಹೈಬ್ರಿಡ್’ (ತೋಳ ಮತ್ತು ನಾಯಿಯ ಮಿಶ್ರತಳಿ, ಅಂದರೆ ತೋಳನಾಯಿ) ಎಂಬ ಎರಡು ಪದ ಇದ್ದರೆ, ಪಶುಸಂಗೋಪನೆಯ ಮೇಜಿನಲ್ಲಿ ಮುಗಿಯಬೇಕಾದ ಕಡತ ಅರಣ್ಯ ಇಲಾಖೆಯ ಮೇಜಿಗೂ ಹೋಗುತ್ತದೆ. ಅಲ್ಲಿಂದ ಮುಂದೆ ಏನೇನಾಗುತ್ತದೆ, ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುವುದನ್ನು ಕೆಲಸ ನಡೆಯುವ ಕ್ರಮದಲ್ಲೇ ಬರೆಯುತ್ತೇವೆ.

ಮೊದಲು ಕೈಗೆ ತೆಗೆದುಕೊಳ್ಳುವುದು ಪಾಸ್‌ಪೋರ್ಟನ್ನೂ ಅಲ್ಲ, ಲಸಿಕೆಯ ಪುಸ್ತಕವನ್ನೂ ಅಲ್ಲ, ವಂಶಾವಳಿಯನ್ನು. ತೋಳ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟ್ಸ್‌ನ ಪಟ್ಟಿಯಲ್ಲಿದೆ. ಭಾರತ, ನೇಪಾಳ, ಭೂತಾನ್, ಪಾಕಿಸ್ತಾನದ ತೋಳಗಳು 1ನೇ ಅನುಬಂಧದಲ್ಲಿ, ಉಳಿದೆಲ್ಲ ದೇಶಗಳ ತೋಳಗಳು 2ನೇ ಅನುಬಂಧದಲ್ಲಿ. ಸಾಕುನಾಯಿಗೆ ಈ ಪಟ್ಟಿಯಿಂದ ವಿನಾಯಿತಿ ಉಂಟು. ನಡುವಿನ ಮಿಶ್ರತಳಿಗೆ ಸೈಟ್ಸ್ ಇಟ್ಟಿರುವ ಗೆರೆ ನಾಲ್ಕು ತಲೆಮಾರಿನದು: ಹಿಂದಿನ ನಾಲ್ಕು ತಲೆಮಾರಿನೊಳಗೆ ಒಂದೇ ಒಂದು ಶುದ್ಧ ತೋಳ ಇದ್ದರೂ ಆ ಪ್ರಾಣಿ ಒಪ್ಪಂದದ ಅಡಿಗೆ ಬರುತ್ತದೆ.

ಲೆಕ್ಕ ಹೀಗೆ. ಅಪ್ಪ ಅಥವಾ ಅಮ್ಮ ತೋಳವಾದರೆ ಮರಿ ಎಫ್1. ಅಜ್ಜ-ಅಜ್ಜಿಯರಲ್ಲಿ ತೋಳ ಇದ್ದರೆ ಎಫ್2. ಮುತ್ತಜ್ಜಿ ತೋಳವಾದರೆ ಎಫ್3, ಮುತ್ತಜ್ಜಿಯ ಅಮ್ಮ ತೋಳವಾದರೆ ಎಫ್4. ತೋಳ ಅದಕ್ಕೂ ಹಿಂದಿದ್ದರೆ, ಅಂದರೆ ಎಫ್5ರಿಂದ ಆಚೆಗೆ, ಕಾಗದದ ಮಟ್ಟಿಗೆ ಅದು ನಾಯಿ. ಎಫ್5 ಎಂದು ಸಾಧಿಸಬೇಕಾದರೆ ವಂಶವೃಕ್ಷದ ಎರಡು, ನಾಲ್ಕು, ಎಂಟು, ಹದಿನಾರು ಮನೆಗಳು, ಒಟ್ಟು 30 ಮನೆಗಳು ಹೆಸರಿನಿಂದ ತುಂಬಿರಬೇಕು, ಅವುಗಳಲ್ಲಿ ಒಂದೂ ತೋಳ ಆಗಿರಬಾರದು. ನಮ್ಮ ಕೈಗೆ ಬರುವ ವಂಶಾವಳಿಗಳ ದೊಡ್ಡ ತೊಂದರೆ ಇಲ್ಲೇ. ತಾಯಿಯ ಕಡೆ ಎಲ್ಲ ಸರಿಯಾಗಿರುತ್ತದೆ, ತಂದೆಯ ಕಡೆ ಮೂರನೇ ಸಾಲಿಗೆ ಬರುವಷ್ಟರಲ್ಲಿ ‘ಗೊತ್ತಿಲ್ಲ’ ಅಂತಲೋ, ಬರೀ ‘ಬ್ಲ್ಯಾಕ್ ಮೇಲ್’ (ಕಪ್ಪು ಗಂಡು) ಅಂತಲೋ ಬರೆದಿರುತ್ತದೆ. ಖಾಲಿ ಮನೆಯನ್ನು ನಾಯಿ ಎಂದು ಊಹಿಸಿಕೊಳ್ಳುವ ಅಧಿಕಾರಿ ಯಾರೂ ಇಲ್ಲ. ತೋಳ ಅಲ್ಲ ಎಂದು ಸಾಧಿಸುವ ಹೊಣೆ ನಿಮ್ಮದು.

ಇನ್ನೊಂದು ಗೊಂದಲ ಶೇಕಡಾವಾರಿನದು. ‘ನಮ್ಮದು ಬರೀ 25 ಪರ್ಸೆಂಟ್’ ಅನ್ನುವ ಮಾತು ಬಹಳ ಕೇಳುತ್ತೇವೆ. ಪ್ರತಿ ತಲೆಮಾರಿನಲ್ಲೂ ನಾಯಿಗೇ ಕೂಡಿಸಿದ್ದರೆ ಎಫ್1ಗೆ 50, ಎಫ್2ಗೆ 25, ಎಫ್3ಗೆ 12.5, ಎಫ್4ಗೆ 6.25 ಅನ್ನುವುದು ಸರಿ. ಎರಡು ಎಫ್1ಗಳನ್ನು ಕೂಡಿಸಿದರೆ ಹುಟ್ಟುವ ಎಫ್2 ಮರಿಯಲ್ಲೂ ಸರಾಸರಿ 50 ಉಳಿದಿರುತ್ತದೆ. ತಲೆಮಾರು ಎಣಿಸುವುದು ಹತ್ತಿರದ ಶುದ್ಧ ತೋಳದಿಂದ: ಅಮ್ಮ ಎಫ್1, ಅಪ್ಪ ಎಫ್3 ಆಗಿದ್ದರೆ ಮರಿ ಎಫ್2, ‘ಸುಮಾರು ಎಫ್3’ ಅಲ್ಲ. ಅಮೆರಿಕದ ಬ್ರೀಡರುಗಳು ಬಳಸುವ ಲೋ, ಮಿಡ್, ಹೈ ಕಂಟೆಂಟ್ (ತೋಳದ ಪಾಲು ಕಡಿಮೆ, ಮಧ್ಯಮ, ಹೆಚ್ಚು) ಎಂಬ ಮಾತುಗಳು ಪ್ರಾಣಿಯ ಸ್ವಭಾವ ಹೇಳಲು ಅನುಕೂಲ, ಕಾನೂನಿನ ಕಡತದಲ್ಲಿ ಅವಕ್ಕೆ ಜಾಗವಿಲ್ಲ.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಮುಗಿಯಿತಲ್ಲ ಎಂದು ಕೇಳುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಶು ಅನುವಂಶೀಯತೆ ಪ್ರಯೋಗಾಲಯದಲ್ಲಿ ಇದಕ್ಕೆಂದೇ ಪರೀಕ್ಷೆ ಇದೆ, ಎಂಬಾರ್ಕ್‌ನಂಥ ಖಾಸಗಿ ಕಿಟ್‌ಗಳೂ ಬೂದು ತೋಳದ ಪಾಲನ್ನು ತೋರಿಸುತ್ತವೆ. ಆದರೆ ಹಿಂದಕ್ಕೆ ಹೋದಷ್ಟೂ ತೋಳದ ಗುರುತು ಚೂರುಚೂರಾಗುತ್ತದೆ. ಫಲಿತಾಂಶದಲ್ಲಿ ತೋಳ ಕಾಣಲಿಲ್ಲ ಅಂದರೆ ನಾಲ್ಕು ತಲೆಮಾರು ಶುದ್ಧ ಎಂದು ಅರ್ಥವಲ್ಲ. ವಂಶಾವಳಿಗೆ ಒತ್ತಾಸೆಯಾಗಿ ಆ ವರದಿಯನ್ನು ಲಗತ್ತಿಸಿ. ವಂಶಾವಳಿಯ ಬದಲಿಗೆ ಅದನ್ನೇ ಕೊಟ್ಟರೆ ಕಡತ ವಾಪಸು ಬರುತ್ತದೆ.

ಈ ಗೋಳಾಟವಿಲ್ಲದೆ ತೋಳದ ಮೈಕಟ್ಟು ಬೇಕು ಅನ್ನುವವರಿಗೆ ಮಾನ್ಯತೆ ಪಡೆದ ತಳಿಗಳಿವೆ. ಜೆಕೊಸ್ಲೊವಾಕಿಯದ ಗಡಿಕಾವಲು ಪಡೆಗಾಗಿ 1950ರ ದಶಕದಲ್ಲಿ ಕಾರ್ಪೇಥಿಯನ್ ತೋಳಕ್ಕೂ ಜರ್ಮನ್ ಶೆಫರ್ಡ್‌ಗೂ ಕೂಡಿಸಿದ ಪ್ರಯೋಗದಿಂದ ಬಂದದ್ದು ಜೆಕೊಸ್ಲೊವಾಕಿಯನ್ ವುಲ್ಫ್‌ಡಾಗ್. ಮೊದಲ ಸೂಲು 1958ರಲ್ಲಿ, ಅಂತಾರಾಷ್ಟ್ರೀಯ ಶ್ವಾನ ಒಕ್ಕೂಟ ಎಫ್‌ಸಿಐನ ಪೂರ್ಣ ಮಾನ್ಯತೆ 1999ರಲ್ಲಿ, ತಳಿ ಸಂಖ್ಯೆ 332. ನೆದರ್ಲೆಂಡ್ಸ್‌ನ ಸಾರ್ಲೂಸ್ ವುಲ್ಫ್‌ಹೌಂಡ್ ಇದಕ್ಕಿಂತ ಹಳೆಯ ಪ್ರಯತ್ನ. ಇವೆರಡರಲ್ಲೂ ತೋಳ ಬಹಳ ಹಿಂದೆ ಉಳಿದಿದೆ. ಎಫ್‌ಸಿಐ ನೋಂದಣಿಯ ವಂಶಾವಳಿ ಇದ್ದರೆ ಮೂವತ್ತು ಮನೆಯ ಪ್ರಶ್ನೆಗೆ ಉತ್ತರ ಒಂದೇ ಹಾಳೆಯಲ್ಲಿ ಸಿಗುತ್ತದೆ. ಹಾಗಂತ ಇವು ಸೌಮ್ಯ ಎಂದುಕೊಳ್ಳಬೇಡಿ. ಬಾಗಿಲ ಚಿಲಕ ತೆಗೆಯುವುದನ್ನು ನೋಡಿಯೇ ಕಲಿಯುವ ಪ್ರಾಣಿಗಳು ಇವು.

ಈಗ ಅಮೆರಿಕದ ಕಡೆಯ ಕೆಲಸ. ನಾಯಿ ಅಲ್ಲಿ ಕಾನೂನುಬದ್ಧವಾಗಿ ಇತ್ತೇ ಅನ್ನುವುದೇ ಮೊದಲ ತಡೆ. ರಾಜ್ಯಕ್ಕೊಂದು ಕಾನೂನು. ಜಾರ್ಜಿಯಾ, ಹವಾಯಿಗಳಲ್ಲಿ ಸಾಕುವಂತಿಲ್ಲ. ಮಿಷಿಗನ್‌ನಲ್ಲಿ ತೋಳನಾಯಿಗೆಂದೇ 2000ದಲ್ಲಿ ಬಂದ ಕಾಯ್ದೆ ಇದೆ. ಕ್ಯಾಲಿಫೋರ್ನಿಯಾ ಎಫ್1 ಅನ್ನು ನಿರ್ಬಂಧಿಸಿ, ಎಫ್2ರಿಂದ ಮುಂದಿನದನ್ನು ರಾಜ್ಯಮಟ್ಟದಲ್ಲಿ ಬಿಟ್ಟಿದೆ, ಆದರೆ ಕೌಂಟಿಯೋ ನಗರಸಭೆಯೋ ಅದನ್ನೂ ತಡೆಯಬಹುದು. ಕೆಲಸದ ಮೇಲೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನೆ ಬದಲಿಸಿದ ಕುಟುಂಬಗಳು ಇಲ್ಲಿ ಎಡವುತ್ತವೆ: ಮರಿ ಕೊಂಡಾಗ ಸಕ್ರಮ, ಈಗಿರುವ ಊರಿನಲ್ಲಿ ಅಕ್ರಮ. ರಫ್ತಿನ ಪರವಾನಗಿಗೆ ಅರ್ಜಿ ಹಾಕಿದರೆ ಪ್ರಾಣಿ ಎಲ್ಲಿದೆ, ಹೇಗೆ ಬಂತು ಎಂಬ ಪ್ರಶ್ನೆ ಬಂದೇ ಬರುತ್ತದೆ.

ರೇಬಿಸ್ ಲಸಿಕೆಯ ವಿಚಾರ ಇನ್ನೂ ನಾಜೂಕು. ಅಮೆರಿಕದಲ್ಲಿ ತೋಳ-ನಾಯಿ ಮಿಶ್ರತಳಿಗೆ ಎಂದು ಮಂಜೂರಾದ ರೇಬಿಸ್ ಲಸಿಕೆ ಇಲ್ಲ. ವೈದ್ಯರು ನಾಯಿಯ ಲಸಿಕೆಯನ್ನೇ ತಮ್ಮ ವಿವೇಚನೆಯ ಮೇಲೆ ಕೊಡುತ್ತಾರೆ. ಅದು ಕೆಲಸ ಮಾಡುವುದಿಲ್ಲ ಎಂದಲ್ಲ, ಕಾಗದದ ಮೇಲೆ ಅದಕ್ಕೆ ನಾಯಿಯ ಲಸಿಕೆಯ ಬೆಲೆ ಇಲ್ಲ. ಪರಿಣಾಮ ಗೊತ್ತಾಗುವುದು ಕಚ್ಚಿದ ದಿನ. ನಾಯಿ ಕಚ್ಚಿದರೆ ಹತ್ತು ದಿನ ಕಟ್ಟಿ ಗಮನಿಸುತ್ತಾರೆ. ತೋಳನಾಯಿ ಕಚ್ಚಿದರೆ ಆ ಹತ್ತು ದಿನದ ಅವಕಾಶ ಸಿಗದೆ, ಕೊಂದು ಮಿದುಳಿನ ಪರೀಕ್ಷೆಗೆ ಕಳಿಸುವ ತೀರ್ಮಾನ ಆಗಬಹುದು. ಹಾಗಾಗಿ ಅನೇಕ ಮಾಲೀಕರು ಮೊದಲ ದಿನದಿಂದಲೇ ವೆಟ್ ಹತ್ತಿರ ‘ಹಸ್ಕಿ ಮಿಕ್ಸ್’ ಎಂದು ಬರೆಸಿಬಿಟ್ಟಿರುತ್ತಾರೆ. ಆ ಸುಳ್ಳು ಮುಂದೆ ಎಲ್ಲಿ ತಿರುಗಿ ಬೀಳುತ್ತದೆ ಎಂದು ಕೆಳಗೆ ಹೇಳುತ್ತೇವೆ.

ಎಫ್1ರಿಂದ ಎಫ್4ರ ಒಳಗಿನ ಪ್ರಾಣಿ ದೇಶ ಬಿಡಬೇಕಾದರೆ ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆಯಿಂದ ಸೈಟ್ಸ್ ರಫ್ತು ಪರವಾನಗಿ ಬೇಕು. ಹೊರಡುವಾಗ 3-177 ಎಂಬ ಘೋಷಣಾ ನಮೂನೆ ತುಂಬಬೇಕು, ವನ್ಯಜೀವಿಗೆ ನಿಗದಿಯಾದ ಬಂದರು ಅಥವಾ ವಿಮಾನ ನಿಲ್ದಾಣದಿಂದಲೇ ಹೊರಡಬೇಕು. ನ್ಯೂಯಾರ್ಕ್, ಷಿಕಾಗೊ, ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್ ಆ ಪಟ್ಟಿಯಲ್ಲಿವೆ. ರಫ್ತು ಪರವಾನಗಿಯ ಆಯಸ್ಸು ಹೆಚ್ಚೆಂದರೆ ಆರು ತಿಂಗಳು. ಭಾರತದ ಕಡೆಯ ಒಪ್ಪಿಗೆಗೆ ಕಾಯುತ್ತ ಕೂತರೆ ಇದು ಸತ್ತುಹೋಗುತ್ತದೆ, ಮತ್ತೆ ಮೊದಲಿನಿಂದ. ಜೆರಾಕ್ಸ್ ನಡೆಯುವುದಿಲ್ಲ. ಮೂಲ ಪ್ರತಿ ಪ್ರಾಣಿಯ ಜೊತೆಯಲ್ಲೇ ಬರಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಭಾರತದ ಬಾಗಿಲು ಕಿರಿದು. ಸಾಕುಪ್ರಾಣಿಯನ್ನು ಬ್ಯಾಗೇಜ್ ಲೆಕ್ಕದಲ್ಲಿ ತರುವ ಸೌಲಭ್ಯಕ್ಕೆ 2013ರ ಕಸ್ಟಮ್ಸ್ ಸುತ್ತೋಲೆ ಎರಡು ಮಿತಿ ಹಾಕಿದೆ: ಒಬ್ಬರಿಗೆ ಎರಡು ಪ್ರಾಣಿ, ಅದೂ ಎರಡು ವರ್ಷ ಸತತವಾಗಿ ಹೊರದೇಶದಲ್ಲಿದ್ದು ವಾಸ ಬದಲಿಸಿಕೊಂಡು ಬರುವವರಿಗೆ. ಉಳಿದವರು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿಯಿಂದ ಆಮದು ಲೈಸೆನ್ಸ್ ತರಬೇಕು. ಮರಿ ಮಾಡಿಸುವುದಕ್ಕಾಗಿ, ಮಾರುವುದಕ್ಕಾಗಿ ನಾಯಿ ತರಿಸುವುದು 2016ರಿಂದ ನಿಂತಿದೆ. ಇದಿಷ್ಟೂ ನಾಯಿಯ ದಾರಿ. ಸೈಟ್ಸ್ ಪ್ರಾಣಿಗೆ ಈ ದಾರಿಯಲ್ಲಿ ಪ್ರವೇಶವಿಲ್ಲ. ಅದಕ್ಕೆ ಕೇಂದ್ರ ಪರಿಸರ ಸಚಿವಾಲಯದ ಸೈಟ್ಸ್ ಪ್ರಾಧಿಕಾರ, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ನಿರಾಕ್ಷೇಪಣೆ, ಆಮೇಲೆ ಡಿಜಿಎಫ್‌ಟಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಸೈಟ್ಸ್ ಪಟ್ಟಿಯ ಪ್ರಾಣಿಗಳನ್ನು 4ನೇ ಅನುಸೂಚಿಗೆ ತಂದಿತು. ಅಂಥ ಜೀವಂತ ಪ್ರಾಣಿ ಇಟ್ಟುಕೊಂಡವರು ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕೆಂಬ ನಿಯಮ 2024ರ ಫೆಬ್ರವರಿಯಲ್ಲಿ ಬಂತು. ನೇರವಾಗಿ ಹೇಳುವುದಾದರೆ, ಎಫ್4ರ ಒಳಗಿನ ತೋಳನಾಯಿಯನ್ನು ಮನೆಯಲ್ಲಿ ಸಾಕಲೆಂದು ತರುವ ಅರ್ಜಿಯನ್ನು ಹಾಕಬೇಡಿ ಅನ್ನುವುದೇ ನಮ್ಮ ಸಲಹೆ. ಅಲ್ಲಿಯೇ ಒಳ್ಳೆಯ ಆಶ್ರಯಧಾಮ ಹುಡುಕುವುದು ಪ್ರಾಣಿಗೂ ಮೇಲು.

ಇಲ್ಲಿಗೆ ಬಂದಾಗಲೇ ಹಳೆಯ ‘ಹಸ್ಕಿ ಮಿಕ್ಸ್’ ಕಾಗದ ಆಸೆ ಹುಟ್ಟಿಸುತ್ತದೆ. ಹಾಗೇ ತೋರಿಸಿ ತಂದುಬಿಡೋಣ ಎಂದು. ಸಿಕ್ಕಿಬೀಳುವುದು ಮೈಕ್ರೊಚಿಪ್‌ನಲ್ಲಿ. 15 ಅಂಕಿಯ ಆ ಸಂಖ್ಯೆಯನ್ನು ಬ್ರೀಡರ್ ತನ್ನ ನೋಂದಣಿಯಲ್ಲಿ ‘ವುಲ್ಫ್‌ಡಾಗ್’ ಎಂದೇ ದಾಖಲಿಸಿರುತ್ತಾನೆ. ಅದೇ ಸಂಖ್ಯೆ ಲಸಿಕೆಯ ಕಾಗದದಲ್ಲಿ ಹಸ್ಕಿ, ಇನ್‌ಶೂರೆನ್ಸ್‌ನಲ್ಲಿ ಮಲಮ್ಯೂಟ್. ಜೊತೆಗೆ ನಾಲ್ಕು ವರ್ಷದಿಂದ ಇನ್‌ಸ್ಟಾಗ್ರಾಮ್‌ನಲ್ಲಿ ‘ನಮ್ಮ ತೋಳ’ ಎಂದು ಹಾಕಿದ ಫೋಟೊಗಳು. ಕಸ್ಟಮ್ಸ್ ಮುಂದೆ ಸುಳ್ಳು ಘೋಷಣೆ ಬೇರೆಯೇ ಅಪರಾಧ, ಪ್ರಾಣಿ ಜಪ್ತಿಯಾದರೆ ಅದು ಹೋಗಿ ಸೇರುವ ಜಾಗದಲ್ಲಿ ನಿಮ್ಮ ಕೈ ಇರುವುದಿಲ್ಲ.

ಎಫ್5 ಅಥವಾ ಮಾನ್ಯ ತಳಿ ಎಂದು ಕಾಗದದಲ್ಲೇ ಸಾಬೀತಾದ ನಾಯಿಗೆ ಮುಂದಿನ ಕೆಲಸ ಸರಳ, ಆದರೆ ದಿನಾಂಕಗಳ ಆಟ. ಚಿಪ್ ಮೊದಲು, ರೇಬಿಸ್ ಲಸಿಕೆ ಆಮೇಲೆ. ತಿರುಗಾಮುರುಗಾ ಆದರೆ ಲಸಿಕೆ ಇದೇ ನಾಯಿಗೆ ಬಿದ್ದದ್ದು ಅನ್ನುವುದಕ್ಕೆ ಆಧಾರವಿಲ್ಲ, ಮತ್ತೆ ಚುಚ್ಚಿಸಬೇಕು. ಪ್ರಯಾಣದ ದಿನಕ್ಕೆ ಆ ಲಸಿಕೆಗೆ ಒಂದು ತಿಂಗಳು ತುಂಬಿರಬೇಕು, ಹನ್ನೆರಡು ತಿಂಗಳು ದಾಟಿರಬಾರದು. ಅಮೆರಿಕದಲ್ಲಿ ಮೂರು ವರ್ಷಕ್ಕೊಮ್ಮೆ ಕೊಡುವ ಲಸಿಕೆ ಹಾಕಿಸಿ ನಿಶ್ಚಿಂತೆಯಿಂದ ಇರುವವರು ತಪ್ಪುವುದು ಇಲ್ಲೇ: ಅಲ್ಲಿಯ ಲೆಕ್ಕದಲ್ಲಿ ಇನ್ನೂ ಚಾಲ್ತಿ, ಇಲ್ಲಿಯ ಲೆಕ್ಕದಲ್ಲಿ ಮುಗಿದದ್ದು. ಆರೋಗ್ಯ ಪ್ರಮಾಣಪತ್ರಕ್ಕೆ ಅಲ್ಲಿಯ ಕೃಷಿ ಇಲಾಖೆಯ ಮುದ್ರೆ ಬೀಳಬೇಕು. ಬರುವುದಕ್ಕೆ ಕನಿಷ್ಠ ಒಂದು ವಾರ ಮೊದಲು ಇಲ್ಲಿಯ ಪ್ರಾಣಿ ಕ್ವಾರಂಟೈನ್ ಸೇವೆಯ ಎನ್‌ಒಸಿಗೆ ಅರ್ಜಿ ಹಾಕಿರಬೇಕು. ಬೆಂಗಳೂರಿನಲ್ಲಿ ಅವರ ಕೇಂದ್ರ ಇದೆ, ಚೆನ್ನೈ ಸುತ್ತಬೇಕಾಗಿಲ್ಲ. ಹೆಸರಿನಲ್ಲಿ ‘ವುಲ್ಫ್’ ಇರುವ ತಳಿಯಾದರೆ ಎಫ್‌ಸಿಐ ವಂಶಾವಳಿಯನ್ನು ಅರ್ಜಿಯ ಜೊತೆಯಲ್ಲೇ ಹಾಕಿ. ಕೇಳಿದ ಮೇಲೆ ಕೊಡೋಣ ಅಂದರೆ ವಿಮಾನದ ದಿನ ಕಳೆದಿರುತ್ತದೆ.

ಕ್ರೇಟಿನ ಅಳತೆಗೆ ಟೇಪು ಹಿಡಿದು ನಿಂತರೆ ತೋಳನಾಯಿ ಯಾಕೆ ಬೇರೆ ಎಂದು ತಿಳಿಯುತ್ತದೆ. ವಿಮಾನ ಸಾಗಣೆಯ ನಿಯಮದಲ್ಲಿ ಒಳ ಉದ್ದ ಅಂದರೆ ಮೂಗಿನಿಂದ ಬಾಲದ ಬುಡದವರೆಗಿನ ಅಳತೆಗೆ, ನೆಲದಿಂದ ಮೊಣಕೈವರೆಗಿನ ಅಳತೆಯ ಅರ್ಧ ಸೇರಿಸಬೇಕು. ಅಗಲಕ್ಕೆ ಭುಜದ ಅಗಲದ ಎರಡರಷ್ಟು. ಎತ್ತರಕ್ಕೆ ನಿಂತಾಗ ಕಿವಿಯ ತುದಿ, ಹಾಸಿನ ದಪ್ಪ. ಮೂಗಿನಿಂದ ಬಾಲದ ಬುಡಕ್ಕೆ 105 ಸೆಂ.ಮೀ., ಮೊಣಕೈಗೆ 45 ಸೆಂ.ಮೀ. ಇದ್ದರೆ ಉದ್ದ 127.5 ಸೆಂ.ಮೀ. ಅಂಗಡಿಯಲ್ಲಿ ಸಿಗುವ ಅತಿ ದೊಡ್ಡ ಪ್ಲಾಸ್ಟಿಕ್ ಕ್ರೇಟು, 700 ನಂಬರಿನದು, ಹೊರಗಿನಿಂದಲೇ ಸುಮಾರು 122 ಸೆಂ.ಮೀ. ಅಲ್ಲಿಗೆ ಬಡಗಿಯ ಹತ್ತಿರ ಮರದ್ದು ಮಾಡಿಸುವುದೇ ಗತಿ. ಎದೆ ಕಿರಿದಾದ ಪ್ರಾಣಿಯಾದ್ದರಿಂದ ಸೂತ್ರದ ಅಗಲ ತೀರಾ ಇಕ್ಕಟ್ಟು, ತಿರುಗಿ ಮಲಗುವಷ್ಟು ಹೆಚ್ಚಿಸಿ. ಒಳಬದಿಯಲ್ಲಿ ಹಲ್ಲು ಸಿಕ್ಕುವ ಒಂದು ಅಂಚೂ ಇರಬಾರದು. ಕೆರೆಯುವುದು ಶುರುವಾಗುವುದೇ ಅಂಥ ಅಂಚಿನಿಂದ, ಮುಂಗಾಲಿನಲ್ಲಿ ರಕ್ತ ಬರುವ ತನಕ ನಿಲ್ಲುವುದಿಲ್ಲ. ಬಾಗಿಲಿಗೆ ಬೆಸುಗೆ ಹಾಕಿದ ಜಾಲರಿ, ನಾಲ್ಕು ಕಡೆ ಬೋಲ್ಟು. ನಿದ್ದೆಯ ಮದ್ದು ಕೊಡಬೇಡಿ, ರಕ್ತದೊತ್ತಡ ಇಳಿದು ದಾರಿಯಲ್ಲೇ ಅಪಾಯ. ಬದಲಿಗೆ ಮೂರು ತಿಂಗಳ ಮೊದಲೇ ಕ್ರೇಟನ್ನು ಮನೆಯಲ್ಲಿಟ್ಟು ಊಟ ಅದರೊಳಗೇ ಹಾಕಿ. ಇಷ್ಟು ದೊಡ್ಡ ಪೆಟ್ಟಿಗೆ ಸಣ್ಣ ವಿಮಾನದ ಸರಕು ಬಾಗಿಲಲ್ಲಿ ಹಿಡಿಸದೇ ಹೋಗಬಹುದು, ದೆಹಲಿಯಲ್ಲಿಳಿದು ದೇಶೀಯ ವಿಮಾನ ಹಿಡಿಯುವ ಯೋಜನೆ ಹಾಕುವ ಮೊದಲು ವಿಚಾರಿಸಿ.

ಕರ್ನಾಟಕದಲ್ಲಿ ಸಾಮಾನ್ಯವಾಗಿ ಕೇಳಿಬರುವ ಇನ್ನೊಂದು ಮಾತು: ‘ತೋಳನಾಯಿಯ ನಿಷೇಧವನ್ನು ಹೈಕೋರ್ಟೇ ತೆಗೆದುಹಾಕಿದೆಯಲ್ಲ?’ ಅರ್ಧ ನಿಜ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ 23 ಬಗೆಯ ನಾಯಿಗಳಿಗೆ ಲೈಸೆನ್ಸ್ ಕೊಡಬೇಡಿ, ಈಗಿರುವವಕ್ಕೆ ಸಂತಾನಹರಣ ಮಾಡಿಸಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಪಿಟ್‌ಬುಲ್, ರಾಟ್‌ವೀಲರ್‌ಗಳ ಜೊತೆಗೆ ‘ವುಲ್ಫ್ ಡಾಗ್ಸ್’ ಕೂಡ ಆ ಪಟ್ಟಿಯಲ್ಲಿತ್ತು. ಬೆಂಗಳೂರಿನವರು ಹಾಕಿದ ಅರ್ಜಿಯ ಮೇಲೆ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಏಪ್ರಿಲ್ 10ರಂದು ಸುತ್ತೋಲೆಯನ್ನು ರದ್ದುಮಾಡಿದರು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದು ಅನ್ನುವುದು ಮುಖ್ಯ ಕಾರಣ. ರದ್ದಾದದ್ದು ನಾಯಿಗಳ ಮೇಲಿನ ಸುತ್ತೋಲೆ. ಅದರಿಂದ ವನ್ಯಜೀವಿ ಕಾಯ್ದೆಯ ಒಂದಕ್ಷರವೂ ಸಡಿಲವಾಗಿಲ್ಲ. ಎಫ್6 ಜೆಕ್ ನಾಯಿಯ ಮಾಲೀಕರಿಗೆ ಈ ತೀರ್ಪಿನಿಂದ ಉಪಯೋಗ ಉಂಟು, ಎಫ್2 ಇಟ್ಟುಕೊಂಡವರಿಗೆ ಏನೂ ಇಲ್ಲ.

ವಿದೇಶದ ಗೊಡವೆಯೇ ಬೇಡ, ಇಲ್ಲೇ ಮರಿ ಸಿಗುತ್ತದೆ ಅನ್ನುವವರಿಗೂ ಎರಡು ಮಾತು. ‘ಸಾರ್, ಒರಿಜಿನಲ್ ವುಲ್ಫ್‌ಡಾಗ್, ಎಫ್1, ಪೇಪರ್ ಆಮೇಲೆ ಕೊಡ್ತೀವಿ’ ಎಂದು ವಾಟ್ಸಾಪಿನಲ್ಲಿ ಬರುವ ವಿಡಿಯೊದಲ್ಲಿರುವುದು ಬಹುಪಾಲು ಹಸ್ಕಿ-ಜರ್ಮನ್ ಶೆಫರ್ಡ್ ಮಿಶ್ರತಳಿ. 50 ಕೋಟಿ ರೂಪಾಯಿಗೆ ತೋಳನಾಯಿ ಕೊಂಡೆ ಎಂದು ಒಬ್ಬರು ಹೇಳಿಕೊಂಡು 2025ರಲ್ಲಿ ಬೆಂಗಳೂರಿನಲ್ಲಿ ಸುದ್ದಿಯಾದ ಪ್ರಕರಣ ನೆನಪಿರಬಹುದು. ಜಾರಿ ನಿರ್ದೇಶನಾಲಯದವರು ಮನೆಗೆ ಹೋಗಿ ನೋಡಿದರೆ ಆ ಕೋಟಿಗಳೂ ಇರಲಿಲ್ಲ, ಆ ನಾಯಿಯೂ ಹಾಗೆ ಹೇಳಿಕೊಂಡವರದಾಗಿರಲಿಲ್ಲ. ಇಂಥ ಮೋಸಕ್ಕೆ ಬಿದ್ದರೆ ಹೋಗುವುದು ದುಡ್ಡು. ಮಾರುವವನು ಹೇಳಿದ್ದು ನಿಜವಾಗಿದ್ದರೆ ಅದಕ್ಕಿಂತ ಕೆಟ್ಟದ್ದು ಕಾದಿದೆ. ಇಲ್ಲಿ ಎಫ್1 ಹುಟ್ಟಬೇಕಾದರೆ ಎಲ್ಲೋ ಒಂದು ತೋಳವನ್ನು ಹಿಡಿದಿಟ್ಟಿರಬೇಕು, ಇಲ್ಲವೇ ಬಿಲದಿಂದ ಮರಿ ಎತ್ತಿರಬೇಕು. ತೋಳ ನಮ್ಮ ಕಾಯ್ದೆಯ 1ನೇ ಅನುಸೂಚಿಯ ಪ್ರಾಣಿ. ಹಿಡಿಯುವುದೂ ಕಾನೂನಿನ ಭಾಷೆಯಲ್ಲಿ ಬೇಟೆಯೇ. ಶಿಕ್ಷೆ ಮೂರರಿಂದ ಏಳು ವರ್ಷ, ದಂಡ ಕನಿಷ್ಠ 25,000 ರೂಪಾಯಿ.

ಕಾಡಿನಲ್ಲೇ ಆಗುವ ಮಿಶ್ರಣ ಬೇರೆ ಸಂಗತಿ. ಪುಣೆಯ ಸುತ್ತಿನ ಹುಲ್ಲುಗಾವಲಿನಲ್ಲಿ ಕಂಡ ಕಂದುಬಣ್ಣದ ಪ್ರಾಣಿಗಳು ತೋಳ ಮತ್ತು ಬೀದಿನಾಯಿಗಳ ಸಂತಾನ ಎಂದು ಜೀನೋಮ್ ಅಧ್ಯಯನದಲ್ಲಿ ಖಚಿತವಾಗಿದೆ. ಕೊಪ್ಪಳ, ಗಂಗಾವತಿಯ ಕಡೆ ಕುರಿಗಾಹಿಗಳ ಹಟ್ಟಿಯ ಸುತ್ತ ತೋಳ ಓಡಾಡುವುದು ಹೊಸದಲ್ಲ, ಬಂಕಾಪುರದಲ್ಲಿ ತೋಳಧಾಮವೇ ಇದೆ. ಹೊಲದ ಬದುವಿನಲ್ಲಿ ಮರಿ ಸಿಕ್ಕರೆ ತಾಯಿ ಸತ್ತಿದೆ ಎಂದುಕೊಂಡು ಮನೆಗೆ ತರಬೇಡಿ, ಬೇಟೆಗೆ ಹೋದ ತಾಯಿ ವಾಪಸು ಬರುತ್ತದೆ. ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ ಅಲ್ಲಿಂದ ದೂರ ಸರಿಯಿರಿ.

ಕಾಗದ ಸರಿಯಿರುವ ನಾಯಿ ಊರಿಗೆ ಬಂದಿತು ಅನ್ನಿ. ಐದಡಿಯ ಕಾಂಪೌಂಡು ಅದಕ್ಕೆ ಒಂದು ಮೆಟ್ಟಿಲು ಅಷ್ಟೇ. ಎಂಟಡಿ ಚೈನ್‌ಲಿಂಕ್, ಮೇಲ್ತುದಿ 45 ಡಿಗ್ರಿ ಒಳಕ್ಕೆ ಬಾಗಿರಬೇಕು. ಬುಡದಲ್ಲಿ ಬೇಲಿಯಿಂದ ಒಳಮುಖವಾಗಿ ಮೂರಡಿ ಜಾಲರಿಯನ್ನು ನೆಲಕ್ಕೆ ಹಾಸಿ ಮಣ್ಣು ಮುಚ್ಚಬೇಕು, ಇಲ್ಲದಿದ್ದರೆ ಒಂದು ರಾತ್ರಿಯಲ್ಲಿ ಕೊರೆದು ಹೋಗುತ್ತದೆ. ಗೇಟು ಜೋಡಿ ಇರಲಿ, ಒಂದು ಮುಚ್ಚಿದ ಮೇಲೇ ಇನ್ನೊಂದು ತೆರೆಯುವ ಹಾಗೆ. ತಪ್ಪಿಸಿಕೊಂಡು ಯಾರನ್ನಾದರೂ ಕಚ್ಚಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಇದೆ, ಆರು ತಿಂಗಳವರೆಗೆ ಸಜೆ.

ಅಕ್ಕಪಕ್ಕದವರು ‘ಇವರ ಮನೇಲಿ ತೋಳ ಇದೆ’ ಎಂದು ಫೋನ್ ಮಾಡುವುದು ಹೆಚ್ಚುಕಡಿಮೆ ಖಂಡಿತ. ಫಾರೆಸ್ಟ್ ಗಾರ್ಡ್ ಬಾಗಿಲಿಗೆ ಬಂದ ದಿನಕ್ಕೆಂದು ಒಂದು ಫೈಲು ಮನೆಯ ಹಾಲ್‌ನಲ್ಲೇ ಇರಲಿ: 30 ಮನೆಯ ವಂಶಾವಳಿ, ಚಿಪ್ ಸಂಖ್ಯೆಯ ಕಾಗದ, ಆಮದಿನ ಎನ್‌ಒಸಿ, ಕಸ್ಟಮ್ಸ್ ರಸೀದಿ, ನಗರಪಾಲಿಕೆಯ ನಾಯಿ ಲೈಸೆನ್ಸ್, ಚಾಲ್ತಿಯಲ್ಲಿರುವ ಲಸಿಕೆ ಪುಸ್ತಕ, ಪ್ರತಿಯೊಂದಕ್ಕೂ ಎರಡು ದೃಢೀಕೃತ ನಕಲು. ಚಿಪ್ ಓದುವ ಸ್ಕ್ಯಾನರ್ ಗಾರ್ಡ್ ಹತ್ತಿರ ಇರುವುದಿಲ್ಲ, ಸ್ಕ್ಯಾನರ್ ಇರುವ ವೆಟ್ ಒಬ್ಬರ ನಂಬರನ್ನು ಫೈಲಿನ ಮೇಲೇ ಬರೆದಿಡಿ. ಕೊಡುವುದು ನಕಲು ಮಾತ್ರ. ಮೂಲ ಪ್ರತಿಯನ್ನೇ ಒಯ್ಯುತ್ತೇವೆ ಅಂದರೆ ದಿನಾಂಕ, ಸಹಿ ಹಾಕಿಸಿ ಸ್ವೀಕೃತಿ ಬರೆಸಿಕೊಂಡು ಕೊಡಿ.